ತಪ್ಪು ಬರೆದಿಡಲು ಮೂರು ಕೊಟೇಶನ್

ಸಂಶಯದ ಮನುಷ್ಯನನ್ನು ಸಂಶಯದ ಪ್ರಸಂಗಗಳೇ ಹುಡುಕಿಕೊಂಡು ಬರುತ್ತವೆ. ನಾನು ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಬೋರ್ಡು ಓದಿ, ಕಂಡಕ್ಟರನನ್ನು ಕೇಳಿ, ಡ್ರೈವರನನ್ನು ಕೇಳಿ, ಒಳಗೆ ಕೂತ ಮೇಲೆ ಪಕ್ಕದವರನ್ನೂ ಕೇಳುವ ಪೈಕಿ. ಒಮ್ಮೆ ಹೀಗೆ ಪಕ್ಕದವರಿಗೆ, "ಇದು ಬಾಗಲಕೋಟಿಗೆ ಹೋಗ್ತೈತಲ್ರಿ?" ಅಂದೆ. ಅವರು, "ನನಗೂ ಅದ ಸಂಶಯ ಐತ್ರಿ" ಅಂತ ಚೀಲ ಎತ್ತಿಕೊಂಡು ಇಳಿದೇಬಿಟ್ಟರು. ಅವರ ಹಿಂದೆ ನಾನೂ ಇಳಿದೆ. ಬಸ್ಸು ನೆಟ್ಟಗೆ ಬಾಗಲಕೋಟೆಗೆ ಹೋಯಿತು.

ಇಂಥವನಿಗೆ ಹೇಳಿ ಮಾಡಿಸಿದ ನೌಕರಿಯೆಂದರೆ ಬೇರೆಯವರ ತಪ್ಪು ಹುಡುಕುವುದು. ಹೊಸ ಶತಮಾನ ಇನ್ನೂ ಹೊಸದಾಗಿದ್ದ ಆ ವರ್ಷಗಳಲ್ಲಿ ನವನಗರದಲ್ಲಿ ಆರು ಜನರ ಒಂದು ಸಾಫ್ಟ್‌ವೇರ್ ಕಚೇರಿ ಇತ್ತು. ನಾನು ಅಲ್ಲಿ ತಪ್ಪು ಹಿಡಿಯುವ ಕೆಲಸದವ. ನಮ್ಮ ದೊಡ್ಡ ಗಿರಾಕಿ ಒಂದೇ ಒಂದು, ಇಳಕಲ್ಲಿನ ನೇಕಾರರ ಸೊಸೈಟಿ. ಯಾವ ನೇಕಾರರಿಗೆ ಎಷ್ಟು ನೂಲು ಹೋಯಿತು, ಯಾರಿಂದ ಎಷ್ಟು ಸೀರೆ ಬಂತು ಎಂದು ತೋರಿಸುವ ಸಾಫ್ಟ್‌ವೇರನ್ನು ನಾವು ಅವರಿಗೆ ಮಾಡಿಕೊಟ್ಟಿದ್ದೆವು. ಅದರಲ್ಲಿ ಕಂಡ ತಪ್ಪುಗಳನ್ನೆಲ್ಲ ನಾನು ಒಂದು ಉದ್ದನೆಯ ವಹಿಯಲ್ಲಿ ಬರೆದಿಡುತ್ತಿದ್ದೆ. ಕೆಂಪು ಸೀರೆ ಎಂದು ಒಳಗೆ ಹಾಕಿದರೆ ಹಸಿರು ಸೀರೆಯಾಗಿ ಹೊರಗೆ ಬರುವುದೊಂದು ತಪ್ಪಿತ್ತು. ಅದನ್ನು ಮೂರು ಸಲ ತಿದ್ದಿದ್ದೆವು. ಅದು ನಾಲ್ಕು ಸಲ ಬಂದಿತ್ತು.

ನಾಲ್ಕನೆಯ ಸಲ ಬಂದಾಗ ಸೊಸೈಟಿಯ ಅಧ್ಯಕ್ಷರು ನಮ್ಮ ಮಾಲಕರಿಗೆ ಫೋನು ಮಾಡಿದರು. "ನಿಮ್ಮ ವಹಿ ಗಿಹಿ ನನಗ ಬ್ಯಾಡ. ಯಾವ ತಪ್ಪು ಯಾರ ಕೈಯಾಗ ಐತಿ, ಯಾವುದು ಮುಗದೈತಿ ಅಂತ ನಾ ಇಲ್ಲೇ ಕುಂತು ನೋಡಬೇಕು. ದೀಪಾವಳಿ ಒಳಗ ತೋರಸ್ರಿ. ಇಲ್ಲಂದ್ರ ಹುಬ್ಬಳ್ಳಿಯವರು ಕಾಯಾಕತ್ತಾರ."

ತಪ್ಪುಗಳ ಬೆನ್ನು ಹತ್ತಲೆಂದೇ ಬೇರೆ ಸಾಫ್ಟ್‌ವೇರುಗಳಿವೆ. ಒಂದು ಜಾತಿಯದನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಇನ್ನೊಂದು ಓಪನ್ ಸೋರ್ಸ್, ಪುಕ್ಕಟ. ಎರಡನ್ನೂ ತೂಗಿ ನೋಡಿ ಒಂದನ್ನು ಆರಿಸುವ ಕೆಲಸ ನನ್ನ ತಲೆಗೆ ಬಂತು. ಇಳಕಲ್ಲಿನವರು ಕೈಬಿಟ್ಟರೆ ಕಚೇರಿ ಇಲ್ಲ, ಕಚೇರಿ ಇಲ್ಲದಿದ್ದರೆ ನಾನು ಮತ್ತೆ ಕಮತಗಿಯ ಟೈಪಿಂಗ್ ಕ್ಲಾಸಿಗೆ ಹೋಗಿ ಎ ಎಸ್ ಡಿ ಎಫ್ ಹೇಳಿಕೊಡುತ್ತ ಕೂರಬೇಕು. ಆ ಟಕಟಕ ಸಪ್ಪಳದಿಂದ ತಪ್ಪಿಸಿಕೊಂಡು ಬಂದು ಆಗ ಎರಡು ವರ್ಷವಾಗಿತ್ತು ಅಷ್ಟೆ.

೧. ಪುಕ್ಕಟ

ಮೊದಲು ಮಾಲಕರ ಮುಂದೆ ವಿಷಯ ಇಟ್ಟೆ.

"ಪುಕ್ಕಟ?" ಅಂದರು.

"ಹೌದ್ರಿ."

"ಪೂರಾ ಪುಕ್ಕಟ?"

"ಪೂರಾ ರೀ. ಒಳಗಿನ ಕೋಡ್ ಸೈತ ಕೊಡ್ತಾರ. ಬೇಕಾದವರು ತಿದ್ದಕೋಬಹುದು."

"ತಿದ್ದಕೋಬಹುದು ಅಂದ್ರ ತಿದ್ದೂದು ಇನ್ನೂ ಬಾಕಿ ಐತಿ ಅಂತಾತು."

ಮಾಲಕರು ನನ್ನನ್ನು ಕೆಳಗಿನಿಂದ ಮೇಲಿನತನಕ ನೋಡಿದರು. "ಇದರಾಗ ನಿನಗೇನು ಸಿಗತೈತಿ?"

"ಏನೂ ಇಲ್ರಿ."

"ನೋಡು, ದುಡ್ಡಿಂದು ತಗೊಳ್ಳೂಣು ಅಂದಿದ್ರ ನೀ ಕಮಿಷನ್ ತಿಂತೀ ಅಂತ ತಿಳಕೊಂಡು ನಾ ಆರಾಮ ಇರ್ತಿದ್ನಿ. ಪುಕ್ಕಟದ್ರಾಗ ನೀ ಏನು ತಿಂತೀ ಅನ್ನೂದ ತಿಳೀವಲ್ತು."

ನಾನು ಪ್ರಾಮಾಣಿಕ ಎಂದು ಸಾಬೀತು ಮಾಡಲು ದುಡ್ಡಿನ ಸಾಫ್ಟ್‌ವೇರನ್ನೇ ಹೊಗಳಬೇಕಾದ ಪರಿಸ್ಥಿತಿ ಬಂತು. ಅದನ್ನೂ ಐದು ನಿಮಿಷ ಹೊಗಳಿದೆ. ಅವರ ಮುಖದಲ್ಲಿ ನೆಮ್ಮದಿ ಕಾಣಿಸಿತು. ಅಂದರೆ ಕಮಿಷನ್ನಿನ ಗುಮಾನಿ ಗಟ್ಟಿಯಾಯಿತು. ನಾನು ಎದ್ದು ಹೊರಟಾಗ ಮತ್ತೆ ಕರೆದರು.

"ಅಲ್ಲಲೇ, ತಪ್ಪು ಬರಿಯೂ ಸಾಫ್ಟ್‌ವೇರಿನ್ಯಾಗ ತಪ್ಪು ಸಿಕ್ಕರ ಅದನ್ನ ಎಲ್ಲಿ ಬರೀತಾರ?"

"ಅದರಾಗ ಬರೀತಾರ್ರಿ."

ಮಾಲಕರು ಓದುತ್ತಿದ್ದ ಪೇಪರು ಮಡಚಿಟ್ಟರು. "ಹಂಗಂದ್ರ ಕಳುವು ಮಾಡಿದಾಂವನ ಎಫ್‌ಐಆರ್ ಬರಕೋತಾನ. ಪಂಚರ ಸಹಿನೂ ಅವನ ಮಾಡ್ತಾನೇನು?"

೨. ಸೊನ್ನೆಯ ದರ

ಕೊಳ್ಳುವವರು ನಾವಾದರೂ ಬಿಲ್ಲು ಸೊಸೈಟಿಯದು. ಸೊಸೈಟಿಯಲ್ಲಿ ಒಂದು ಕಸಬರಿಗೆ ತರಬೇಕಾದರೂ ಮೂರು ಕಡೆಯಿಂದ ಕೊಟೇಶನ್ ಬೇಕು. ದುಡ್ಡಿನ ಸಾಫ್ಟ್‌ವೇರಿನವರಲ್ಲಿ ಬೆಂಗಳೂರಿನದೊಂದು, ಪುಣೆಯದೊಂದು ಎರಡು ದಿನದಲ್ಲಿ ಬಂದವು. ಮೂರನೆಯದು ಪುಕ್ಕಟದವರಿಂದ ಬರಬೇಕು. ಅವರೋ ಜಗತ್ತಿನ ತುಂಬ ಚದುರಿಕೊಂಡವರು. ಅವರಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಇ-ಮೇಲ್ ಬರೆದೆ. "ಬೆಲೆ ಏನೂ ಇಲ್ಲ, ಬಳಸಿರಿ" ಎಂದು ಯಾರೋ ಒಂದು ಸಾಲು ಬರೆದರು. ಅದನ್ನೇ ಮುದ್ರಿಸಿ ಸೊಸೈಟಿಯ ಕಾರ್ಯದರ್ಶಿಗಳಿಗೆ ಕೊಟ್ಟೆ.

"ಲೆಟರ್‌ಹೆಡ್ ಎಲ್ಲೈತ್ರಿ? ಸಹಿ ಎಲ್ಲಿ? ಸಿಕ್ಕಾ ಎಲ್ಲಿ? ಸಿಕ್ಕಾ ಇಲ್ಲದ ಕೊಟೇಶನ್ ನಾ ಕಮಿಟಿ ಮುಂದ ಹೆಂಗ ಇಡ್ಲಿ?"

ಕೊನೆಗೆ ಅವರೇ ದಾರಿ ತೋರಿಸಿದರು. ಬಿಳಿ ಹಾಳೆಯ ಮೇಲೆ ನಾನೇ ಬರೆದೆ: ದರ ಸೊನ್ನೆ, ತೆರಿಗೆ ಸೊನ್ನೆ, ಸಾಗಾಣಿಕೆ ಸೊನ್ನೆ. ಕೆಳಗೆ "ಜಗತ್ತಿನವರ ಪರವಾಗಿ" ಎಂದು ಬರೆದು ಸಹಿ ಮಾಡಿದೆ. ನಮ್ಮ ಕಚೇರಿಯ ಸಿಕ್ಕಾ ಒತ್ತಿದೆ.

ಎಂಟು ದಿನಕ್ಕೆ ಕಮಿಟಿಯ ಸಭೆಯಾಗಿ ಹಾಳೆ ವಾಪಸು ಬಂತು. ಮೇಲೆ ಕೆಂಪು ಶಾಯಿಯಲ್ಲಿ ಹೀಗೆ ಬರೆದಿತ್ತು: "ದರ ದುಬಾರಿ ಎನಿಸುತ್ತದೆ. ಸದರಿಯವರೊಂದಿಗೆ ಚರ್ಚಿಸಿ ಇನ್ನೂ ಕಡಿಮೆ ಮಾಡಿಸಿಕೊಂಡು ಬರುವುದು."

ಕಾರ್ಯದರ್ಶಿಗಳಿಗೆ ಫೋನು ಮಾಡಿದೆ. "ಸೊನ್ನಿಗಿಂತ ಕಡಿಮಿ ಹೆಂಗ ಮಾಡಸಲಿ ರೀ?"

"ಅದು ನನಗೂ ಗೊತ್ತೈತ್ರಿ. ಆದ್ರ ಅವರು ಹೇಳಿದ ದರಕ್ಕ ನಾವು ಸುಮ್ಮನ ಒಪ್ಪಿಕೊಂಡ್ರ ಆಡಿಟಿನವರಿಗೆ ಸಂಶಯ ಬರ್ತೈತಿ."

೩. ಗಾದಿ

ದುಡ್ಡಿನ ಸಾಫ್ಟ್‌ವೇರಿನ ಬೆಂಗಳೂರು ಕಂಪನಿ ಒಬ್ಬ ಪ್ರತಿನಿಧಿಯನ್ನೇ ಕಳಿಸಿತು. ಟೈ ಕಟ್ಟಿದ್ದ, ಲ್ಯಾಪ್‌ಟಾಪ್ ತಂದಿದ್ದ, ಮಾತು ಬೆಣ್ಣೆಯಂಥದು. ಅವನನ್ನು ಇಳಕಲ್ಲಿಗೆ ಕರೆದುಕೊಂಡು ಹೋದೆ. ಅವನು ಅಧ್ಯಕ್ಷರಿಗೆ ಬಗ್ಗಿ ಕೈಮುಗಿದು, "ತಾವು ಹೇಗಿದ್ದೀರಿ ಸರ್? ತಮ್ಮನ್ನು ಭೇಟಿಯಾಗಿ ತುಂಬ ಸಂತೋಷವಾಯಿತು" ಅಂದ. ಅಧ್ಯಕ್ಷರು ನನ್ನ ಕಿವಿಯಲ್ಲಿ, "ಇಂವ ಇಷ್ಟು ಮರ್ಯಾದಿ ಎದಕ್ಕ ಕೊಡಾಕತ್ತಾನ?" ಅಂತ ಕೇಳಿದರು.

ಪ್ರತಿನಿಧಿ ಅರ್ಧ ತಾಸು ಬಣ್ಣಬಣ್ಣದ ಚಿತ್ರ ತೋರಿಸಿದ. ಆಮೇಲೆ ವ್ಯವಹಾರಕ್ಕೆ ಬಂದ. "ಸರ್, ನಮ್ಮದು ಸೀಟಿನ ಲೆಕ್ಕ. ಒಂದು ಸೀಟಿಗೆ ಇಷ್ಟು ಅಂತ. ನಿಮಗೆ ಎಷ್ಟು ಸೀಟು ಬೇಕಾಗುತ್ತೆ?"

ಅಧ್ಯಕ್ಷರು ಸುತ್ತಲೂ ನೋಡಿದರು. ಸೀರೆ ವ್ಯಾಪಾರದ ಜಾಗದಲ್ಲಿ ಕುರ್ಚಿಗೇನು ಕೆಲಸ? ಗೋಡೆಯಿಂದ ಗೋಡೆಗೆ ಬಿಳಿ ಬಟ್ಟೆ ಹಾಸಿದ ಗಾದಿ, ಒರಗಲು ಲೋಡು. ಹನ್ನೊಂದು ಜನ ನಿರ್ದೇಶಕರೂ ಅದರ ಮೇಲೇ ಕೂತಿದ್ದರು. ಪ್ರತಿನಿಧಿಗೆಂದು ಎಲ್ಲಿಂದಲೋ ಒಂದೇ ಒಂದು ಕುರ್ಚಿ ತರಿಸಿದ್ದರು.

"ಸೀಟು ಒಂದ ಐತ್ರಿ. ಅದರ ಮ್ಯಾಲ ನೀವ ಕುಂತೀರಿ."

ಪ್ರತಿನಿಧಿ ನಕ್ಕ. "ಸೀಟು ಅಂದ್ರೆ ಕುರ್ಚಿ ಅಲ್ಲ ಸರ್. ಸಾಫ್ಟ್‌ವೇರ್ ನೋಡುವವರು. ಒಬ್ಬೊಬ್ಬರಿಗೆ ಒಂದೊಂದು."

"ನಾವ್ಯಾರೂ ಒಬ್ಬೊಬ್ಬರ ನೋಡೂದಿಲ್ರಿ. ಎಲ್ಲಾರೂ ಇಲ್ಲೇ ಕುಂತು ಕೂಡೇ ನೋಡ್ತೀವಿ. ಹನ್ನೊಂದು ಮಂದಿ ಕುಂಡ್ರಲಿ, ಮದವಿ ಜವಳಿಗೆ ಬಂದ ಇಪ್ಪತ್ತು ಮಂದಿ ಕುಂಡ್ರಲಿ, ಗಾದಿ ಒಂದ. ಗಾದಿದ ರೇಟು ಹೇಳ್ರಿ."

"ಸರ್, ಹಾಗೆ ಬರೋದಿಲ್ಲ..."

"ಹಂಗಾರ ನಿಮ್ಮ ಸಾಫ್ಟ್‌ವೇರಿಗೆ ನಮ್ಮನ್ನ ಎಣಸೂ ಉಸಾಬರಿ ಎದಕ್ಕ?" ಎಂದು ಹಿರಿಯ ನಿರ್ದೇಶಕರೊಬ್ಬರು ದನಿ ಏರಿಸಿದರು. "ತಪ್ಪು ಎಣಸಂತ ಕರಸಿದ್ರ ಮಂದೀನ್ನ ಎಣಸಾಕತ್ತಾನ!"

ಪ್ರತಿನಿಧಿ ಬೆವರು ಒರೆಸಿಕೊಳ್ಳುತ್ತ ಮೊಬೈಲು ಹಿಡಿದು ಕಟ್ಟೆಗೆ ಹೋದ. ಸಂಶಯದವನು ನಾನು, ಅವನ ಹಿಂದೆಯೇ ಹೋಗಿ ಕಂಬದ ಮರೆಯಲ್ಲಿ ನಿಂತೆ. ಪಾಪ, ತಗ್ಗಿದ ದನಿಯಲ್ಲಿ ಅವನ ಮೇಲಿನವರನ್ನು ಕೇಳುತ್ತಿದ್ದ: "ಸರ್, ನಮ್ಮ ಲೈಸೆನ್ಸಿನಲ್ಲಿ ಹಾಸಿಗೆಗೆ ಏನಾದರೂ ದರ ಇದೆಯಾ?"

೪. ಥ್ಯಾಂಕ್ಸ್

ಪುಕ್ಕಟದ್ದನ್ನೂ ಹಾಕಿ ನೋಡೋಣವೆಂದು ಒಂದು ಕಂಪ್ಯೂಟರ್ ಮಾಸಪತ್ರಿಕೆಯ ಜೊತೆಗೆ ಬಂದ ಸಿ.ಡಿ. ತಂದೆ. ಮಾಲಕರು ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿ, "ಹೊಸಾ ಕಂಪ್ಯೂಟರಿಗೆ ಹಾಕಬ್ಯಾಡ. ಹಳೇದಕ್ಕ ಹಾಕು. ಸತ್ರ ಅದು ಸಾಯಲಿ" ಅಂದರು.

ಹಳೆಯದಕ್ಕೆ ಹಾಕಿದೆ. ಅರ್ಧಕ್ಕೆ ನಿಂತಿತು. ಇಂಥ ತೊಡಕು ಬಂದರೆ ಕೇಳಲು ಅವರದೊಂದು ಇ-ಮೇಲ್ ಕೂಟವಿತ್ತು. ನನ್ನ ಮುರುಕು ಇಂಗ್ಲಿಷಿನಲ್ಲಿ ಕೇಳಿದೆ. ಮರುದಿನ ಮುಂಜಾನೆ ನೋಡಿದರೆ ಯಾವುದೋ ತಂಪು ದೇಶದವನೊಬ್ಬ ಒಂದು ಪುಟ ಬಿಡಿಸಿ ಬಿಡಿಸಿ ಉತ್ತರ ಬರೆದಿದ್ದ. ಮಾಲಕರಿಗೆ ತೋರಿಸಿದೆ.

"ಅವಗ ನಮ್ಮ ಗುರುತು ಐತೇನು?"

"ಇಲ್ರಿ."

"ಅವನ ಸಾಫ್ಟ್‌ವೇರ್ ನಾವು ರೊಕ್ಕಾ ಕೊಟ್ಟು ತಗೊಂಡೀವೇನು?"

"ಇಲ್ರಿ."

"ಮತ್ತ ಯಾಕ ಬರದ?"

"ಅವರ ಸ್ವಭಾವ ರೀ."

"ಯಾರ ಸ್ವಭಾವಾನೂ ಹಂಗ ಇರೂದಿಲ್ಲ. ಮುಂದ ಏನರೆ ಕೇಳ್ತಾನ, ನೋಡ್ತಿರು."

ಖರೆಯೇ ಕೇಳಿದ. ನಿಮ್ಮ ಪರದೆಯ ಚಿತ್ರವೊಂದನ್ನು ಕಳಿಸಿರಿ ಎಂದ. "ಬಂದ್ನಿಲ್ಲೋ ದಾರಿಗೆ!" ಎಂದು ಮಾಲಕರು ಮೇಜು ಕುಟ್ಟಿದರು. ಪರದೆಯ ಮೇಲೆ ತೆರೆದೇ ಇದ್ದ ಸೊಸೈಟಿಯ ಲೆಕ್ಕದಲ್ಲಿ ಸೀರೆಗಳ ದಡಿ, ಸೆರಗುಗಳ ಹೆಸರಿದ್ದವು. ಆ ತಂಪು ದೇಶದವನು ಇಳಕಲ್ಲಿನ ಸೆರಗು ಕದ್ದು ಅಲ್ಲಿಯೇ ಮಗ್ಗ ಹೂಡುತ್ತಾನೆಂದು ಅವರ ಖಾತ್ರಿ. ನಾನೂ ಅಷ್ಟೇ ಸಂಶಯದವನಾದ್ದರಿಂದ ಅದು ಸರಿಯೆನಿಸಿತು. ಇಬ್ಬರೂ ಕೂತು ಚಿತ್ರದಲ್ಲಿದ್ದ ಹೆಸರುಗಳಿಗೆಲ್ಲ ಕಪ್ಪು ಬಳಿದೆವು. ಕೊನೆಗೆ ಉಳಿದದ್ದು ಒಂದು ಕಪ್ಪು ಹಲಗೆ, ಕೆಳಗೆ ಒಂದು ಸಾಲು.

ಆ ಒಂದೇ ಸಾಲಿನಲ್ಲಿ ಅವನು ತೊಡಕು ಹುಡುಕಿದ. ನಾನು ಒಂದಕ್ಷರ ತಪ್ಪಾಗಿ ಹೊಡೆದಿದ್ದೆ. ತಿದ್ದಿದ ಕೂಡಲೇ ಸಾಫ್ಟ್‌ವೇರ್ ಓಡಿತು. ಜೊತೆಗೆ ಅವನು, "ನೀವು ಕೇಳಿದ್ದರಿಂದ ನಮ್ಮ ಸೂಚನೆಯಲ್ಲಿದ್ದ ಕೊರತೆಯೂ ತಿಳಿಯಿತು, ಥ್ಯಾಂಕ್ಸ್" ಎಂದೂ ಬರೆದಿದ್ದ.

ಮಾಲಕರು ಆ ಸಾಲನ್ನು ಎರಡು ಸಲ ಓದಿಸಿದರು. "ಕೆಲಸಾ ಮಾಡಿ ಕೊಟ್ಟಾಂವ ಅವ. ಥ್ಯಾಂಕ್ಸ್ ಹೇಳಾಂವನೂ ಅವನ. ತಮ್ಮಾ, ಈ ಮನಶ್ಯಾನ್ನ ನಂಬಬ್ಯಾಡ. ಭಾಳ ಒಳ್ಳೇಂವ ಕಾಣಸ್ತಾನ."

೫. ಆಡಬಾರದ ಮಾತು

ಸಾಫ್ಟ್‌ವೇರೇನೋ ಓಡಿತು. ಇಳಕಲ್ಲಿನವರು ಓದುವಂತಿರಲಿ ಎಂದು ಅದರೊಳಗಿನ ಮಾತುಗಳನ್ನು ನಾನು ಕನ್ನಡಕ್ಕೆ ತಂದೆ. ತಪ್ಪು ಬಾಕಿಯಿದ್ದರೆ "ತೆರೆದಿದೆ", ಸರಿಹೋದರೆ "ಮುಚ್ಚಲಾಗಿದೆ". ನಮ್ಮಲ್ಲಿ ಗುಳೇದಗುಡ್ಡದ ಅಕ್ಕ ಒಬ್ಬಳಿದ್ದಳು, ಖಣ ನೇಯುವ ಮನೆತನದವಳು. ತಿದ್ದಿದ ತಪ್ಪನ್ನು ಮತ್ತೊಮ್ಮೆ ಪರೀಕ್ಷೆ ಮಾಡಿ, ಸರಿಯಾಗಿದ್ದರೆ "ಮುಚ್ಚಲಾಗಿದೆ" ಎಂದು ಒತ್ತುವುದು ಅವಳ ಕೆಲಸ.

ಮೂರು ವಾರ ಕಳೆದರೂ ಒಂದು ತಪ್ಪೂ ಮುಚ್ಚಲಿಲ್ಲ. ಪಟ್ಟಿಯ ತುಂಬ "ತೆರೆದಿದೆ, ತೆರೆದಿದೆ". ನನಗೆ ಕೋಡ್ ಬರೆಯುವವರ ಮೇಲೆ ಸಂಶಯ ಬಂತು. ಅವರು ಕಲ್ಲು ಒಗೆದ ಹಾಗೆ, "ನಾವು ತಿದ್ದಿ ಕೊಟ್ಟು ಹತ್ತ ದಿನ ಆತು" ಅಂದರು. ಆಮೇಲೆ ಸಾಫ್ಟ್‌ವೇರಿನ ಮೇಲೆ ಸಂಶಯ ಬಂತು. ಪುಕ್ಕಟದ ಬುದ್ಧಿ ಇದೇ ಇರಬೇಕು, ಒತ್ತಿದರೂ ಒತ್ತಿಲ್ಲ ಅನ್ನುತ್ತದೇನೋ! ಕೊನೆಗೆ ಅಕ್ಕನನ್ನೇ ಕೇಳಿದೆ.

"ಪರೀಕ್ಷಾ ಮಾಡೀನಿ ಅಣ್ಣಾರ. ಎಲ್ಲಾ ಸರಿ ಅದಾವ. ಒತ್ತಿಲ್ಲ ಅಷ್ಟ."

"ಯಾಕವಾ?"

"ದುಡದು ತಿನ್ನೂ ಜಾಗಾದಾಗ ಮುಂಜಾನಿಂದ ಸಂಜೀತನಕಾ ಮುಚ್ಚು, ಮುಚ್ಚು ಅಂತ ಹೆಂಗ ಒತ್ತಲ್ರಿ? ಮನ್ಯಾಗ ಉಪ್ಪು ತೀರಿದ್ರ ತೀರ್ತು ಅಂತೀವೇನು? ಹೆಚ್ಚಾತು ಅಂತೀವಿ. ಬಳಿ ಒಡದ್ರೂ ಹೆಚ್ಚಾದು ಅಂತೀವಿ. ನೀವ ಕನ್ನಡದಾಗ ಇಂಥಾ ಮಾತು ಬರದಿಟ್ಟೀರಿ."

ನಮ್ಮ ಅವ್ವನೂ ಹಾಗೆಯೇ ಅನ್ನುತ್ತಿದ್ದಳು. ಮುಗಿಯಿತು, ಮುಚ್ಚಿತು, ಇಲ್ಲವಾಯಿತು ಎನ್ನಬಾರದ ಕಡೆಯೆಲ್ಲ ಹೆಚ್ಚಾಯಿತು ಅನ್ನುವುದು ನಮ್ಮ ಕಡೆಯ ರೂಢಿ. ಬೆಂಗಳೂರಿನ ಪ್ರತಿನಿಧಿಗೆ ಫೋನು ಮಾಡಿ, ನಿಮ್ಮದರಲ್ಲಿ ಈ ಪದ ಬದಲಿಸಬಹುದೇ ಎಂದು ಕೇಳಿದೆ. "ಪದಗಳನ್ನು ಮುಟ್ಟುವಂತಿಲ್ಲ ಸರ್. ಮುಂದಿನ ಆವೃತ್ತಿಯಲ್ಲಿ ನೋಡೋಣ" ಅಂದ. ಪುಕ್ಕಟದ್ದರಲ್ಲಿ ಒಳಗಿನ ಕೋಡೇ ಕೈಯಲ್ಲಿತ್ತು. ಅರ್ಧ ತಾಸಿನಲ್ಲಿ "ಮುಚ್ಚಲಾಗಿದೆ" ತೆಗೆದು "ಹೆಚ್ಚಾಯಿತು" ಎಂದು ಹಾಕಿದೆ. ಎರಡರ ನಡುವಿನ ತೂಕ ಅಲ್ಲಿಗೆ ಮುಗಿಯಿತು. ಪುಕ್ಕಟದ್ದೇ ಗೆದ್ದಿತು. ನನಗೆ ನನ್ನ ಮೇಲೆಯೇ ಅಭಿಮಾನ ಉಕ್ಕಿತು.

ಅಕ್ಕ ಆ ಒಂದೇ ಮಧ್ಯಾಹ್ನ ತೊಂಬತ್ತೊಂದು ತಪ್ಪು ಹೆಚ್ಚಿಸಿದಳು. ಕಚೇರಿಯ ಮಾತೇ ಹಾಗಾಗಿಹೋಯಿತು. ಒಂದು ದಿನ ಮಾಲಕರು ಬಾಗಿಲಲ್ಲಿ ನಿಂತು, "ಇವತ್ತ ಎಷ್ಟು ತಪ್ಪು ಹೆಚ್ಚಾದ್ವು?" ಅಂದರು. "ಹದಿನಾಲ್ಕ್ ರೀ" ಅಂದೆವು. "ಶಾಬಾಸ್! ನಾಳಿಗಿ ಇಪ್ಪತ್ತರೆ ಆಗಬೇಕು." ಫೋನು ರಿಪೇರಿಗೆ ಬಂದಿದ್ದ ಲೈನ್‌ಮನ್ ಇದನ್ನೆಲ್ಲ ಕೇಳಿ, ನಮ್ಮದೂ ಸರಕಾರಿ ಕಚೇರಿಯೇ ಎಂದು ತಿಳಿದುಕೊಂಡು ಹೋದ.

೬. ನಂಬಿಕೆ

ದೀಪಾವಳಿಗೆ ನಾಲ್ಕು ದಿನವಿರುವಾಗ ನಾನೂ ಮಾಲಕರೂ ಇಳಕಲ್ಲಿಗೆ ಹೋದೆವು. ಗಾದಿಯ ತುಂಬ ಕಮಿಟಿ ಕೂತಿತ್ತು. "ಪರದೆ ಮ್ಯಾಲಿಂದು ನಮಗ ಬ್ಯಾಡ. ಕಾಗದದಾಗ ಕೊಡ್ರಿ. ಕಾಗದ ಬದಲಾಗೂದಿಲ್ಲ" ಎಂದು ಅಧ್ಯಕ್ಷರು ಮೊದಲೇ ಹೇಳಿದ್ದರಿಂದ ಪಟ್ಟಿ ಮುದ್ರಿಸಿ ಒಯ್ದಿದ್ದೆ. ಅವರು ಕನ್ನಡಕ ಏರಿಸಿ ದೊಡ್ಡ ದನಿಯಲ್ಲಿ ಓದತೊಡಗಿದರು.

"ಕೆಂಪು ಸೀರೆ ಹಸಿರು ಎಂದು ಬರುತ್ತದೆ. ಹೆಚ್ಚಾಯಿತು." ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಒಂದೇ ಸೀರೆ ಎರಡು ಸಲ ಜಮಾ ಆಗುತ್ತದೆ. ಹೆಚ್ಚಾಯಿತು."

"ತೀರಿಕೊಂಡ ನೇಕಾರರಿಗೆ ನೂಲು ಹೋಗುತ್ತದೆ. ಹೆಚ್ಚಾಯಿತು."

ಅಧ್ಯಕ್ಷರು ಹಾಳೆ ಕೆಳಗಿಟ್ಟರು. "ಇವೆಲ್ಲಾ ಹೆಚ್ಚಾಗ್ಯಾವಾ?"

"ಹೆಚ್ಚಾಗ್ಯಾವ್ರಿ" ಅಂದೆ, ಎದೆಯುಬ್ಬಿಸಿ.

"ಯಾರು ಮಾಡಿದ್ರು?"

"ನಾವ ಮಾಡೀವ್ರಿ. ಆರೂ ಮಂದಿ ಹಟಾ ಹಿಡದು ಕುಂತು ಹೆಚ್ಚ ಮಾಡೀವಿ."

"ಒಟ್ಟ ಎಷ್ಟು?"

"ನೂರಾ ನಲವತ್ಮೂರು ರೀ."

"ಕಡೀಕ ಎರಡಕ್ಕ ತೆರೆದಿದೆ ಅಂತ ಐತಿ?"

"ಅವೆರಡು ಭಾಳ ತ್ರಾಸು ಕೊಟ್ಟಾವ್ರಿ. ಏನು ಮಾಡಿದ್ರೂ ಹೆಚ್ಚಾಗವಲ್ವು. ಹಬ್ಬದೊಳಗ ಅವನ್ನೂ ಹೆಚ್ಚ ಮಾಡಿ ಕೊಡ್ತೇವಿ. ನೀವೇನೂ ಸಂಶಯ ಪಡಬ್ಯಾಡ್ರಿ."

ಶಾಬಾಸ್‌ಗಿರಿಗಾಗಿ ಮಾಲಕರ ಕಡೆ ತಿರುಗಿದೆ. ಅವರ ಮುಖ ಸುಣ್ಣದ ಹಾಗಾಗಿತ್ತು. ಆಗ ನನಗೆ ಹೊಳೆಯಿತು. ಗಾದಿಯ ಮೇಲಿನವರು ಉಪ್ಪು, ಬಳೆಗಳ ಲೆಕ್ಕದಲ್ಲಿ ಓದುತ್ತಿರಲಿಲ್ಲ. ಕಂಪ್ಯೂಟರ್ ಕಾಗದವೆಂದು ಇದ್ದದ್ದು ಇದ್ದ ಹಾಗೆ, ತಪ್ಪುಗಳು ಬೆಳೆದಿವೆ ಎಂದೇ ಓದುತ್ತಿದ್ದರು. ಕಮತಗಿಯ ಟೈಪ್‌ರೈಟರುಗಳೆಲ್ಲ ಒಟ್ಟಿಗೇ ಕಿವಿಯಲ್ಲಿ ಬಡಿಯತೊಡಗಿದವು.

ಅಧ್ಯಕ್ಷರು ಕನ್ನಡಕ ತೆಗೆದು ಮಡಚಿದರು. "ಇಲ್ಲೀತನಕಾ ಎಷ್ಟ ಮಂದಿ ಕಂಪ್ಯೂಟರಿನವರು ಈ ಗಾದಿಗೆ ಬಂದು ಹೋದ್ರು. ಒಬ್ಬನರೆ ನಮ್ಮ ಕಡೆ ತಪ್ಪು ಐತಿ ಅಂದಾನೇನು? ಬೆಂಗಳೂರಾಂವಂತೂ ತಪ್ಪ ಬರೂದಿಲ್ಲ ಅಂದ. ನಾ ಒಬ್ಬರನ್ನೂ ನಂಬಲಿಲ್ಲ. ಈ ತಮ್ಮ ನೋಡ್ರಿ! ತಪ್ಪು ಹೆಚ್ಚಾಗ್ಯಾವ, ನಾವ ಮಾಡೀವಿ, ಉಳದ ಎರಡೂ ಮಾಡ್ತೇವಿ ಅಂತ ಕಾಗದದಾಗ ಬರದು ಕೈಯಾಗ ಕೊಟ್ಟಾನ. ಇಂಥಾ ಖರೆ ಮನಶ್ಯಾ ನನಗ ಇಷ್ಟು ವರ್ಷದಾಗ ಸಿಕ್ಕಿಲ್ಲ. ಕಾರ್ಯದರ್ಶಿಗಳ, ಹುಬ್ಬಳ್ಳಿಯವರಿಗೆ ಬ್ಯಾಡಂತ ಹೇಳಿಬಿಡ್ರಿ. ಮುಂದಿನ ಮೂರು ವರ್ಷ ಕೆಲಸಾ ಇವರದ."

ಗಾದಿಯ ತುಂಬ ಹೌದು ಹೌದು ಎಂದು ತಲೆಗಳು ಆಡಿದವು. ಪೇಢೆ ಬಂತು. ಹುಟ್ಟಿದಾಗಿನಿಂದ ಎಲ್ಲರನ್ನೂ ಸಂಶಯದಿಂದ ನೋಡಿಕೊಂಡು ಬಂದ ನನ್ನನ್ನು ಒಬ್ಬ ಮನುಷ್ಯ ಪೂರಾ ನಂಬಿದ್ದ, ಅದೂ ತಪ್ಪು ತಿಳಿದುಕೊಂಡು. ಭಾಳ ನಾಚಿಕೆಯಾಯಿತು. ಆ ತಪ್ಪುಗಳೆಲ್ಲ ಎಂದೋ ಸರಿಹೋಗಿವೆ ಎಂಬ ಸತ್ಯವನ್ನು ಹೇಳಿಯೇಬಿಡಬೇಕು ಅನ್ನಿಸಿತು.

"ಅಧ್ಯಕ್ಷರ, ಒಂದ ಮಾತು..." ಎಂದು ಶುರುಮಾಡಿದೆ.

ಲೋಡಿನ ಮರೆಯಿಂದ ಮಾಲಕರ ಕೈ ಬಂದು ನನ್ನ ತೊಡೆ ಚಿವುಟಿತು. ಒಪ್ಪಂದವಾದ ಒಳ್ಳೆಯ ಗಳಿಗೆ, ಬಾಯಲ್ಲಿ ಪೇಢೆ, ಸುತ್ತ ವ್ಯಾಪಾರದ ಹಿರಿಯರು. ಅಕ್ಕ ಹೇಳಿದ ಆ ಆಡಬಾರದ ಮಾತು ಆಡುವಂತಿಲ್ಲ. ಅಧ್ಯಕ್ಷರಿಗೆ ನಗುಮುಖ ತೋರಿಸುತ್ತಲೇ, ಹಲ್ಲು ಕಚ್ಚಿ, ನನಗಷ್ಟೇ ಕೇಳುವಂತೆ ಅವರು ಅಂದರು:

"ಲೇ, ಬಾಯಿ ಹೆಚ್ಚ ಮಾಡಲೇ."